ದೇವರಕಾಡು ಫೋಟೋ ವರ್ಕ್‌ಶಾಪ್‌ಗೆ ದುಡ್ಡು ಕಟ್ಟೋ ಮುಂಚೆ ಓದಿ

ಮಳೆಗಾಲ ಹತ್ರ ಬಂದ್ರೆ ಸಾಕು, ಕೊಡಗಿನ ಫೈನ್ ಆರ್ಟ್ ಫೋಟೋಗ್ರಫಿ ವರ್ಕ್‌ಶಾಪ್‌ಗಳ ಪೋಸ್ಟರ್ ಓಡಾಡೋಕೆ ಶುರುವಾಗತ್ತೆ. ಅದ್ರಲ್ಲಿ 'ದೇವರಕಾಡು ಸ್ಪೆಷಲ್' (ದೇವರಕಾಡು ಅಂದ್ರೆ ಊರವರು ದೇವರ ಹೆಸರಲ್ಲಿ ಕಾಪಾಡ್ಕೊಂಡು ಬಂದಿರೋ ಕಾಡು) ಅಂತ ಹಾಕಿರೋರ ಬಗ್ಗೆ ದಯವಿಟ್ಟು ಹುಷಾರಾಗಿರಿ. ನಾನು ಹೋಗಿದ್ದು ವಿರಾಜಪೇಟೆ ಕಡೆಯ ಒಂದು ಅಯ್ಯಪ್ಪ ದೇವರಕಾಡಿಗೆ, ಊರ ಹೆಸರು ಬೇಡ, ಅಲ್ಲಿಗೆ ಇನ್ನಷ್ಟು ಜನ ನುಗ್ಗೋದು ನಂಗೆ ಇಷ್ಟ ಇಲ್ಲ. ಪರ್ಮಿಷನ್ ಆಗಿದ್ಯಾ ಅಂತ ದುಡ್ಡು ಕಟ್ಟೋವಾಗ್ಲೂ ಕೇಳಿದ್ದೆ, ಜೀಪ್ ಇಳಿದಾಗ್ಲೂ ಕೇಳ್ದೆ, ಎರಡು ಸಲಾನೂ 'ಎಲ್ಲಾ ಆಗಿದೆ' ಅಂದ್ರು.

ಅಯ್ಯಪ್ಪನಿಗೆ ಹರಕೆ ಹೊತ್ತವರು ಮಣ್ಣಿನ ನಾಯಿ ಒಪ್ಪಿಸ್ತಾರೆ, ಅವು ಮಳೇಲಿ ನೆಂದು ನೆಂದು ಪಾಚಿ ಕಟ್ಟಿ ಮರದ ಬುಡದಲ್ಲೇ ಇರ್ತವೆ. ವರ್ಕ್‌ಶಾಪ್ ನಡೆಸ್ತಿದ್ದ ಮನುಷ್ಯ ಫೋರ್‌ಗ್ರೌಂಡ್ ಖಾಲಿ ಕಾಣ್ತಿದೆ ಅಂತ ಶೂ ಹಾಕ್ಕೊಂಡೇ ಒಳಗೆ ಹೋಗಿ ನಾಲ್ಕೈದು ನಾಯಿ ಎತ್ತಿ ಬೇರಿನ ಮುಂದೆ ಸಾಲಾಗಿ ಜೋಡಿಸ್ದ, ಒಂದರ ಕಿವಿ ಅವನ ಕೈಯಲ್ಲೇ ಮುರೀತು, ಅದನ್ನ ಹಾಗೇ ತರಗೆಲೆ ಒಳಗೆ ತಳ್ಬಿಟ್ಟು ಬೆಳಕಿನ ಕೋಲು ಕಾಣ್ಬೇಕು ಅಂತ ಸ್ಮೋಕ್ ಬಾಂಬ್ ಹಚ್ಚಿದ. ನಾನು ಬೇಡ ಸರ್ ಅಂದ್ರೆ ಕೇಳಿಸ್ಕೊಳ್ಳೋಕೂ ತಯಾರಿಲ್ಲ.

ಹೊಗೆ ನೋಡಿ ಊರವರು ಓಡಿ ಬಂದ್ರು. ತಕ್ಕರು, ಅಂದ್ರೆ ಊರಿನ ಮುಖ್ಯಸ್ಥರು, ಕೂಗಾಡ್ಲಿಲ್ಲ, 'ಯಾರನ್ನ ಕೇಳಿ ಬಂದ್ರಿ?' ಅಂತ ಅಷ್ಟೇ ಕೇಳಿದ್ರು. ಇವ್ನ ಹತ್ರ ಇದ್ದಿದ್ದು ಅರಣ್ಯ ಇಲಾಖೆಗೆ ಕಳ್ಸಿದ ಒಂದು ಮೇಲ್, ಅದಕ್ಕೆ ಉತ್ತರಾನೂ ಬಂದಿರ್ಲಿಲ್ಲ. ದುಡ್ಡು ವಾಪಸ್ ಕೇಳಿದ್ಮೇಲೆ ನನ್ನ ನಂಬರ್ ಬ್ಲಾಕ್.

ಕೊಡಗಲ್ಲಿ 1,200ಕ್ಕೂ ಹೆಚ್ಚು ದೇವರಕಾಡಿದೆ, ಆದ್ರೆ 1905ರಲ್ಲಿ ಸುಮಾರು 15,500 ಎಕರೆ ಇದ್ದದ್ದು 1985ರ ಹೊತ್ತಿಗೆ 6,300 ಎಕರೆಗೆ ಇಳಿದಿತ್ತು. ಉಳಿದಿರೋದು ಊರವರ ಭಕ್ತಿಯಿಂದ, ಅಲ್ಲಿ ಹೋಗಿ ಹೀಗೆ ಮಾಡಿದ್ರೆ ಹೊಟ್ಟೆ ಉರಿಯಲ್ವಾ?

ಹೊಗೆ ಬೇಕಾಗೇ ಇಲ್ಲ ಕಣ್ರೀ. ಜುಲೈನಲ್ಲಿ ಮಂಜು ತಾನಾಗೇ ಇಳಿಯತ್ತೆ, ಟ್ರೈಪಾಡ್ ಇಟ್ಟು ಐಎಸ್ಒ 100, ಎಫ್ 11ರಲ್ಲಿ ಕೆಲವು ಸೆಕೆಂಡ್ ಎಕ್ಸ್‌ಪೋಷರ್ ಕೊಡಿ, ಲೆನ್ಸ್ ಮುಂದೆ ಹಾಕೋ ಪೋಲರೈಸರ್ ಫಿಲ್ಟರ್ ತಿರುಗಿಸಿದ್ರೆ ಒದ್ದೆ ಎಲೆ ಮೇಲಿನ ಬಿಳಿ ಹೊಳಪು ಹೋಗಿ ಒಳಗಿನ ಹಸಿರು ಬರತ್ತೆ. ಗಾಳಿ ನಿಲ್ಲೋವರೆಗೂ ಕಾಯೋ ತಾಳ್ಮೆ ಇರ್ಬೇಕು, ಅಷ್ಟೇ.

ಅಡ್ವಾನ್ಸ್ ಹಾಕೋ ಮುಂಚೆ ದೇವಸ್ಥಾನ ಸಮಿತೀಲಿ ಯಾರ ಜೊತೆ ಮಾತಾಡಿದೀರಾ ಅಂತ ಕೇಳಿ ಅವರಿಗೇ ಫೋನ್ ಮಾಡಿ, ಇಲಾಖೆ ಅನುಮತಿ ಇದ್ರೆ ಪತ್ರ ತೋರ್ಸಿ ಅನ್ನಿ, ತೋರ್ಸದಿದ್ರೆ ಕಟ್ಬೇಡಿ. ಆವತ್ತಿನ ಫ್ರೇಮ್ ಈಗ ಲಿಮಿಟೆಡ್ ಎಡಿಷನ್ ಪ್ರಿಂಟ್ ಅಂತ ಮಾರಾಟಕ್ಕಿದೆ: ಸಾಲಾಗಿ ನಿಂತ ಮಣ್ಣಿನ ನಾಯಿಗಳು, ಹಿಂದೆ ಹೊಗೇಲಿ ಬೆಳಕಿನ ಕೋಲು. ಕಣ್ಣಿಗೆ ಬಿದ್ರೆ ದಯವಿಟ್ಟು ತಗೋಬೇಡಿ.