ನೆಲಮಾಳಿಗೆಯ ಎಸ್‌ಟಿಪಿಗೆ ಹೊಸ ಗುತ್ತಿಗೆದಾರರು: ಹದಿನಾಲ್ಕು ತಿಂಗಳ ನಂತರದ ವಿಮರ್ಶೆ

ಲಿಫ್ಟ್, ಕಾವಲು, ಸ್ವಚ್ಛತೆ ಇವುಗಳ ಗುತ್ತಿಗೆದಾರರ ಬಗ್ಗೆ ಅಪಾರ್ಟ್‌ಮೆಂಟ್ ನಿವಾಸಿಗಳು ಪುಟಗಟ್ಟಲೆ ಅಭಿಪ್ರಾಯ ಬರೆಯುತ್ತಾರೆ. ಕೊಳಚೆ ನೀರು ಶುದ್ಧೀಕರಣ ಘಟಕವನ್ನು, ಅಂದರೆ ಎಲ್ಲರ ಬಾಯಲ್ಲೂ ಎಸ್‌ಟಿಪಿ ಎನಿಸಿಕೊಂಡಿರುವ ಆ ನೆಲಮಾಳಿಗೆಯ ಕೋಣೆಯನ್ನು ನಡೆಸುವವರ ಬಗ್ಗೆ ಬರೆದವರನ್ನು ಮಾತ್ರ ನಾನು ಹೆಚ್ಚು ಕಂಡಿಲ್ಲ. ವಾಸನೆ ಬಂದ ದಿನ ಬೈಯುವುದುಂಟು, ಅಷ್ಟೇ. ಬೆಂಗಳೂರಿನ ಸರ್ಜಾಪುರ ರಸ್ತೆಯ ಕಡೆಗಿರುವ ನಮ್ಮ ಸಮುಚ್ಚಯದಲ್ಲಿ 118 ಮನೆಗಳಿವೆ. ಕಾಂಪೌಂಡಿನ ಹಿಂದೆ ಹರಿಯುವ ರಾಜಕಾಲುವೆ ಬೆಳ್ಳಂದೂರು ಕೆರೆಯನ್ನು ಸೇರುತ್ತದೆ. ಎರಡು ವರ್ಷ ಸಂಘದ ಸಮಿತಿಯಲ್ಲಿ ನೀರಿನ ಜವಾಬ್ದಾರಿ ಹೊತ್ತಿದ್ದ ನಾನು, ಹದಿನಾಲ್ಕು ತಿಂಗಳ ಹಿಂದೆ ನಾವು ನೇಮಿಸಿಕೊಂಡ ಹೊಸ ನಿರ್ವಹಣಾ ಸಂಸ್ಥೆಯ ಕೆಲಸವನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ. ಹಳೆಯ ಸಂಸ್ಥೆಯ ಹೆಸರನ್ನಾಗಲೀ ಹೊಸ ಸಂಸ್ಥೆಯ ಹೆಸರನ್ನಾಗಲೀ ಬರೆಯುತ್ತಿಲ್ಲ. ಈ ಕೆಲಸದಲ್ಲಿ ಹೆಸರಿಗಿಂತ, ಕೆಳಗೆ ನಿಂತು ಯಂತ್ರ ನಡೆಸುವ ಇಬ್ಬರು ಹುಡುಗರು ಮತ್ತು ಅವರ ಮೇಲೆ ಕಣ್ಣಿಡುವ ಸಮಿತಿ ಮುಖ್ಯವೆಂಬುದು ನನ್ನ ಅನುಭವ.

ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದನ್ನೂ, 2015ರ ಮೇ ತಿಂಗಳಲ್ಲಿ ಆ ನೊರೆಗೇ ಬೆಂಕಿ ಹತ್ತಿಕೊಂಡದ್ದನ್ನೂ, 2017ರ ಫೆಬ್ರವರಿ ಮತ್ತು 2018ರ ಜನವರಿಯಲ್ಲಿ ಕೆರೆಯಂಗಳ ಮತ್ತೆ ಉರಿದದ್ದನ್ನೂ ಈ ಭಾಗದವರು ಮರೆತಿಲ್ಲ. ಆಗ ನಾವೆಲ್ಲ ಕಾರ್ಖಾನೆಗಳನ್ನು ಶಪಿಸಿದೆವು. ಆದರೆ ಆ ಕೆರೆಗೆ ಬಂದು ಬೀಳುವ ಕೊಳಕಿನ ಬಹುಪಾಲು ಮನೆಗಳ ಕೊಳಚೆಯೇ. ನೊರೆಗೆ ಮೂಲವಾದ ಮಾರ್ಜಕಗಳು ನಮ್ಮ ಬಟ್ಟೆ ಒಗೆಯುವ ಯಂತ್ರಗಳಿಂದ ಮತ್ತು ಪಾತ್ರೆ ತೊಳೆಯುವ ಸಿಂಕುಗಳಿಂದ ಹೊರಟವು. ಗಾಳಿಯನ್ನೇ ಕಾಣದ ಕೊಳಚೆಯಲ್ಲಿ ಅವು ಪೂರ್ತಿ ಒಡೆದು ನಾಶವಾಗದೆ ಕೆರೆಯ ತಳದ ಕೆಸರಿನಲ್ಲಿ ಸೇರಿಕೊಳ್ಳುತ್ತವೆ. ಮಳೆ ಬಂದು ಕೆಸರು ಕದಡಿದಾಗ, ಕೋಡಿಯಲ್ಲಿ ನೀರು ಎತ್ತರದಿಂದ ಬಿದ್ದಾಗ, ನೊರೆಯಾಗಿ ಏಳುತ್ತವೆ. ಬೆಳ್ಳಂದೂರಿನಿಂದ ವರ್ತೂರು, ಅಲ್ಲಿಂದ ದಕ್ಷಿಣ ಪಿನಾಕಿನಿ. ಗಡಿಯಾಚೆ ಹೊಸೂರಿನ ಬಳಿಯ ಕೆಲವರಪಳ್ಳಿ ಜಲಾಶಯದಲ್ಲಿ ತಮಿಳುನಾಡಿನ ರೈತರು ನೋಡುವ ಬಿಳಿ ನೊರೆಗೂ ನಮ್ಮ ಅಡುಗೆಮನೆಗೂ ಹೀಗೆ ನೇರ ಸಂಬಂಧವಿದೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ ಪಂಪು ಮಾಡಿ ತಂದ ಕಾವೇರಿಯ ನೀರನ್ನು ಒಮ್ಮೆ ಬಳಸಿ, ಕೆಡಿಸಿ, ಬೇರೆಯೇ ಒಂದು ನದಿಗೆ ದಾಟಿಸುವ ಊರು ನಮ್ಮದು. ಊರಿನ ಇನ್ನೊಂದು ಮಗ್ಗುಲಿನ ಕೊಳಚೆ ಬಸವನಗುಡಿಯ ಬಳಿ ಹುಟ್ಟುವ ವೃಷಭಾವತಿಯನ್ನು ಸೇರಿ, ಬೈರಮಂಗಲ ಕೆರೆಯನ್ನು ಹಾದು, ಅರ್ಕಾವತಿಯ ಮೂಲಕ ಮತ್ತೆ ಕಾವೇರಿಗೇ ಹೋಗುತ್ತದೆ ಎಂಬುದು ಬೇರೆ ಮಾತು.

ಸೇವೆಯನ್ನು ಅಳೆಯುವ ಮೊದಲು ಲೆಕ್ಕವೊಂದನ್ನು ಹಾಕಿಕೊಳ್ಳಬೇಕು. ನಮ್ಮಲ್ಲಿ ಸುಮಾರು 420 ಜನರಿದ್ದೇವೆ. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ. 80ರಷ್ಟು ಕೊಳಚೆಯಾಗಿ ಹಿಂದಿರುಗುತ್ತದೆ ಎಂಬ ಎಂಜಿನಿಯರುಗಳ ವಾಡಿಕೆಯ ಲೆಕ್ಕದಂತೆ ದಿನಕ್ಕೆ 45,000 ಲೀಟರ್ ಚಿಲ್ಲರೆ ಕೊಳಚೆ ನೆಲಮಾಳಿಗೆಗೆ ಇಳಿಯುತ್ತದೆ. ಅದರಲ್ಲಿರುವ ಹೊಲಸು ಮಾಯವಾಗುವುದಿಲ್ಲ. ಗಾಳಿ ಊದುವ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಅದನ್ನು ತಿನ್ನುತ್ತವೆ, ತಿಂದು ತಾವೇ ಬೆಳೆಯುತ್ತವೆ, ಬೆಳೆದ ಹೆಚ್ಚುವರಿ ರಾಶಿಯನ್ನು ಸ್ಲಡ್ಜ್ ಎಂದು ಹೊರತೆಗೆದು ಹಿಂಡಿ ಒಣಗಿಸಬೇಕು. ನಮ್ಮ ಗಾತ್ರದ ಘಟಕದಲ್ಲಿ ಒಣ ತೂಕದಲ್ಲಿ ದಿನಕ್ಕೆ ನಾಲ್ಕೈದು ಕೆ.ಜಿ., ಹಿಂಡಿದ ಹಸಿ ಹೆಂಟೆಯ ರೂಪದಲ್ಲಿ ಇಪ್ಪತ್ತು ಕೆ.ಜಿ. ಆಚೀಚೆ ಹೊರಬರಲೇಬೇಕು. ಒಂದು ಎಸ್‌ಟಿಪಿ ನಿಜವಾಗಿ ನಡೆಯುತ್ತಿದೆಯೇ ಎಂದು ತಿಳಿಯಲು ಸಮಿತಿ ಸಭೆಗೆ ತಂದು ತೋರಿಸುವ ಬಾಟಲಿಯ ತಿಳಿನೀರು ಏನೂ ಹೇಳುವುದಿಲ್ಲ. ಆ ತೊಟ್ಟಿಗೆ ಗಾಳಿ ಊದುವ ಯಂತ್ರವಾದ ಬ್ಲೋವರ್ ಎಷ್ಟು ವಿದ್ಯುತ್ ಸುಟ್ಟಿತು, ಸ್ಲಡ್ಜ್ ಎಷ್ಟು ಚೀಲ ಹೊರಟಿತು, ಈ ಎರಡು ಅಂಕಿ ಸಾಕು.

ಹಳೆಯ ಗುತ್ತಿಗೆದಾರರ ದಾಖಲೆ ಪುಸ್ತಕವನ್ನು ನಾನು ತೆರೆದು ನೋಡಿದಾಗ ಎಂಟು ತಿಂಗಳಲ್ಲಿ ಒಂದೇ ಒಂದು ಚೀಲ ಸ್ಲಡ್ಜ್ ಹೊರಹೋದ ನಮೂದು ಇರಲಿಲ್ಲ. ಬ್ಲೋವರ್ ದಿನಕ್ಕೆ 22 ಗಂಟೆ ಓಡಿದೆ ಎಂದು ಪ್ರತಿದಿನವೂ ಒಂದೇ ಕೈಬರಹದಲ್ಲಿ ಬರೆದಿತ್ತು. ಐದು ಎಚ್‌ಪಿ ಮೋಟಾರು 22 ಗಂಟೆ ಓಡಿದರೆ 80 ಯೂನಿಟ್‌ನಷ್ಟು ವಿದ್ಯುತ್ ಬೇಕು. ಬ್ಲೋವರಿನ ವಿದ್ಯುತ್ತನ್ನು ಬೇರೆಯಾಗಿ ಅಳೆಯುವ ಉಪಮೀಟರ್ ತೋರಿಸುತ್ತಿದ್ದದ್ದು ಸರಾಸರಿ 30. ಹಾಗಾದರೆ ತೊಟ್ಟಿ ತುಂಬಿ ಹರಿಯದೆ ಇದ್ದದ್ದು ಹೇಗೆ? ಮನೆಗಳ ಕೊಳಚೆ ಮೊದಲು ಬಂದು ನಿಲ್ಲುವ ಸಮತೋಲನ ತೊಟ್ಟಿಯಿಂದ ಮಳೆನೀರಿನ ಚರಂಡಿಗೆ ಒಂದು ಪೈಪು, ಅದಕ್ಕೊಂದು ವಾಲ್ವ್ ಇತ್ತು. ಮಳೆ ಬಂದ ರಾತ್ರಿಗಳಲ್ಲಿ ಅದನ್ನು ತಿರುಗಿಸಲಾಗುತ್ತಿತ್ತು ಎಂದು ಕಾವಲುಗಾರರೊಬ್ಬರು ಹೇಳಿದರು. 1974ರ ಜಲ ಮಾಲಿನ್ಯ ಕಾಯ್ದೆಯು ಹೊಳೆ, ಕಾಲುವೆಗಳಿಗೆ ಇಂಥ ಕೊಳಕನ್ನು ಬಿಡುವುದನ್ನು ಅಪರಾಧವೆನ್ನುತ್ತದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸು ಬಂದರೆ ಅದು ಗುತ್ತಿಗೆದಾರರ ಮನೆಗಲ್ಲ, ಸಂಘದ ವಿಳಾಸಕ್ಕೇ ಬರುತ್ತದೆ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ವಿದ್ಯುತ್ ಬಿಲ್ ಕಟ್ಟುವವರು ನಾವೇ ಆಗಿದ್ದರಿಂದ ಬ್ಲೋವರ್ ನಿಲ್ಲಿಸಿ ಗುತ್ತಿಗೆದಾರರು ಉಳಿಸಿಕೊಂಡದ್ದೇನೂ ಇಲ್ಲ. ರಾತ್ರಿ ಬ್ಲೋವರಿನ ಸದ್ದಿಗೆ ನಿದ್ದೆ ಬರುವುದಿಲ್ಲವೆಂದು ಮೊದಲ ಮಹಡಿಯವರು ದೂರಿದ್ದರು, ಸಾಮಾನ್ಯ ವಿದ್ಯುತ್ ವೆಚ್ಚ ಇಳಿಸಿದ್ದಕ್ಕೆ ಹಿಂದಿನ ಸಮಿತಿಯು ವಾರ್ಷಿಕ ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿತ್ತು. ಗುತ್ತಿಗೆದಾರರು ನಮ್ಮ ಇಷ್ಟಕ್ಕೆ ತಕ್ಕಂತೆ ನಡೆದುಕೊಂಡರು.

ಹೊಸ ಸಂಸ್ಥೆಯ ಎಂಜಿನಿಯರ್ ಮೊದಲ ದಿನ ಮಾಡಿದ ಕೆಲಸ ನನಗೆ ಹಿಡಿಸಿತು. ಗಾಳಿ ತೊಟ್ಟಿಯಿಂದ ಒಂದು ಲೀಟರ್ ನೀರನ್ನು ಗಾಜಿನ ಅಳತೆ ಜಾಡಿಗೆ ತುಂಬಿ ಮೇಜಿನ ಮೇಲಿಟ್ಟು, ಅರ್ಧ ಗಂಟೆ ಯಾರೂ ಮುಟ್ಟಬಾರದೆಂದರು. ಆರೋಗ್ಯವಂತ ತೊಟ್ಟಿಯಾದರೆ ಆ ಹೊತ್ತಿಗೆ ಕಂದು ಬಣ್ಣದ ಸ್ಲಡ್ಜ್ ಜಾಡಿಯ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಳಿದು, ಮೇಲೆ ತಿಳಿನೀರು ನಿಲ್ಲುತ್ತದೆ. ನಮ್ಮದರಲ್ಲಿ ತಳದಲ್ಲಿ 60 ಮಿಲಿಲೀಟರ್‌ನಷ್ಟು ಕಪ್ಪು ರಾಡಿ, ಮೇಲೆ ಬೂದು ನೀರು, ಕೊಳೆತ ಮೊಟ್ಟೆಯ ವಾಸನೆ. "ಇದು ಎಸ್‌ಟಿಪಿ ಅಲ್ಲ ಸಾರ್, ದೊಡ್ಡ ಗುಂಡಿ" ಎಂದರು. ಕೆಲವು ನಿರ್ವಾಹಕರು ಇಂಥ ತೊಟ್ಟಿಗೆ ಬೆಲ್ಲ ಮತ್ತು ಸಗಣಿ ಸುರಿದು ಕೈತೊಳೆದುಕೊಳ್ಳುತ್ತಾರೆ. ಬೆಲ್ಲ ಜೀವಿಗಳಿಗೆ ಊಟವಾದೀತೇ ಹೊರತು ಜೀವಿಗಳೇ ಆಗದು ಎಂದು ವಿವರಿಸಿದ ಇವರು, ಚೆನ್ನಾಗಿ ನಡೆಯುವ ಬೇರೊಂದು ಘಟಕದಿಂದ ಎರಡು ಟ್ಯಾಂಕರ್ ಜೀವಂತ ಸ್ಲಡ್ಜ್ ತರಿಸಿದರು, ಮೊಸರಿಗೆ ಹೆಪ್ಪು ಹಾಕಿದಂತೆ. ಮಳೆ ಚರಂಡಿಯ ಪೈಪನ್ನು ಕತ್ತರಿಸಿ ಬಾಯಿ ಮುಚ್ಚಿಸಿದರು. ಆ ಕೆಲಸಕ್ಕೆ ಬೇರೆ ಹಣ ಕೇಳಲಿಲ್ಲ. ಮೂರು ವಾರ ವಾಸನೆ ಹೆಚ್ಚಿತು, ನನ್ನ ಫೋನಿಗೆ ಬಂದ ಬೈಗುಳವೂ ಹೆಚ್ಚಿತು. ನಾಲ್ಕನೆಯ ವಾರ ಜಾಡಿಯಲ್ಲಿ 280ರ ಗೆರೆಯವರೆಗೆ ಕಂದು ಸ್ಲಡ್ಜ್ ನಿಂತಿತು, ವಾಸನೆ ಮಣ್ಣಿನ ವಾಸನೆಯಾಯಿತು. ಅಂದಿನಿಂದ ಆ ಜಾಡಿ ಪರೀಕ್ಷೆ ಪ್ರತಿದಿನ ಬೆಳಿಗ್ಗೆ ನಡೆಯುತ್ತಿದೆ, ಅದರ ಚಿತ್ರ ಸಮಿತಿಯ ವಾಟ್ಸಾಪ್ ಗುಂಪಿಗೆ ಬರುತ್ತದೆ. ಈ ಸೇವೆಯಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು ಇದೇ: ಏನನ್ನು ನೋಡಬೇಕೆಂದು ಅವರು ನಮಗೆ ಕಲಿಸಿಕೊಟ್ಟರು.

ವಿದ್ಯುತ್ ವೆಚ್ಚ ಏರಿತು, ಏರಲೇಬೇಕಿತ್ತು. ಬ್ಲೋವರ್ ಈಗ ದಿನಕ್ಕೆ 72 ಯೂನಿಟ್ ಆಸುಪಾಸು ತೆಗೆದುಕೊಳ್ಳುತ್ತದೆ. ತೊಟ್ಟಿಯಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಇರಬೇಕೆಂಬ ಗುರಿ ಇದರಿಂದ ಸಿಗುತ್ತಿದೆ. ಸದ್ದಿಗೆ ಒಳಗೋಡೆಗೆ ಹಲಗೆ ಹೊಡೆಸಿ ಸೈಲೆನ್ಸರ್ ಬದಲಿಸಿದೆವು, ಮೊದಲ ಮಹಡಿಯವರು ಈಗ ಮಾತನಾಡಿಸುತ್ತಾರೆ.

ದೀಪಾವಳಿಯ ಮುನ್ನಾ ವಾರ ಘಟಕ ಮತ್ತೆ ಕೈಕೊಟ್ಟಿತು. ತೊಟ್ಟಿಯ ಮೇಲೆ ಮೊಣಕಾಲುದ್ದ ಬಿಳಿ ನೊರೆ ಎದ್ದಿತ್ತು, ಥೇಟ್ ಬೆಳ್ಳಂದೂರಿನದೇ ಮರಿ. ರಾಯಚೂರು ಕಡೆಯ ನಿರ್ವಾಹಕ ಹುಡುಗ ಬಂದು, "ಸರ, ಹುಳ ಸತ್ತಾವ್ರಿ, ಮ್ಯಾಲಿನ್ ಮನಿಯವ್ರು ಯಾರೋ ಆಸಿಡ್ ಹಾಕ್ಯಾರ" ಎಂದ. ವಿಚಾರಿಸಿದರೆ ಬಣ್ಣ ಬಳಿಸಿದ ಎರಡು ಮನೆಗಳಲ್ಲಿ ನೆಲದ ಕಲೆ ತೆಗೆಯಲು ಡಬ್ಬಗಟ್ಟಲೆ ಆಸಿಡ್ ಸುರಿದಿದ್ದರು. ಸಂಸ್ಥೆಯವರು ಎರಡನೆಯ ದಿನವೇ ಹೊಸ ಹೆಪ್ಪು ತಂದು ಹಾಕಿದರು. ಜೊತೆಗೆ ಸಂಘದ ಸಭಾಂಗಣದಲ್ಲಿ ನಿವಾಸಿಗಳನ್ನು ಸೇರಿಸಿ, ಜಾಲರಿಯಲ್ಲಿ ಒಂದೇ ವಾರ ಸಿಕ್ಕಿದ್ದನ್ನು ಬಕೆಟ್ಟಿನಲ್ಲಿ ತಂದು ತೋರಿಸಿದರು. ಒದ್ದೆ ವೈಪ್ಸ್, ಸ್ಯಾನಿಟರಿ ಪ್ಯಾಡ್, ಶಾಂಪೂ ಪೊಟ್ಟಣ, ಬೆಣ್ಣೆಯಂತೆ ಹೆಪ್ಪುಗಟ್ಟಿದ ಕರಿದ ಎಣ್ಣೆ. ಇದು ಸ್ವಲ್ಪ ಅಸಭ್ಯವಾಯಿತೆಂದು ಕೆಲವರು ಮುಖ ಸಿಂಡರಿಸಿದರು. ಆದರೆ ಮರುವಾರದಿಂದ ಕೊಳಚೆಯ ಜಿಡ್ಡನ್ನು ತಡೆದು ನಿಲ್ಲಿಸುವ ಎಣ್ಣೆ ಬಲೆಯ ಹೊರೆ ಕಣ್ಣಿಗೆ ಕಾಣುವಷ್ಟು ಇಳಿಯಿತು. ಕರಿದ ಎಣ್ಣೆಯನ್ನು ಈಗ ಡಬ್ಬದಲ್ಲಿ ಕೂಡಿಡುತ್ತಾರೆ, ಬಟ್ಟೆಗೆ ಅಳತೆ ಚಮಚದಲ್ಲಿ ಪುಡಿ ಹಾಕುತ್ತಾರೆ, ನೆಲಕ್ಕೆ ಆಸಿಡ್ ತರುವುದನ್ನು ಗೇಟಿನಲ್ಲೇ ತಡೆಯಲಾಗುತ್ತದೆ.

ದೋಷಗಳೂ ಇವೆ. ಮೊದಲ ನಾಲ್ಕು ತಿಂಗಳು ನೀರಿನ ಆಮ್ಲೀಯತೆಯನ್ನು ಸೂಚಿಸುವ ಪಿಎಚ್ ಕಾಲಂನಲ್ಲಿ ಪ್ರತಿದಿನ 7.2 ಎಂದೇ ಬರೆದಿತ್ತು. ಪ್ರಕೃತಿಯಲ್ಲಿ ಅಂಥ ಶಿಸ್ತು ಇರುವುದಿಲ್ಲ. ಕೇಳಿದಾಗ ಪರೀಕ್ಷಾ ಕಾಗದವೇ ಮುಗಿದಿತ್ತೆಂದು ಒಪ್ಪಿಕೊಂಡರು. ಭಾನುವಾರ ಮಧ್ಯಾಹ್ನದ ಪಾಳಿಗೆ ಬದಲಿ ನಿರ್ವಾಹಕ ಬಾರದ ದಿನಗಳನ್ನು ನಾನೇ ಆರು ಬಾರಿ ಗುರುತಿಸಿದ್ದೇನೆ. ತೊಟ್ಟಿಯ ತಳದಲ್ಲಿ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಡಿಫ್ಯೂಸರ್ ಒಡೆದಾಗ ಅದನ್ನು ಬದಲಿಸಲು ಇಪ್ಪತ್ತೆರಡು ದಿನ ತೆಗೆದುಕೊಂಡರು. ಎಲ್ಲಕ್ಕಿಂತ ಗಂಭೀರವಾದದ್ದು ಪ್ರಯೋಗಾಲಯದ ವರದಿಯ ವಿಷಯ. ಮಾಲಿನ್ಯ ನಿಯಂತ್ರಣ ಮಂಡಳಿ ನಮಗೆ ಕೊಟ್ಟಿರುವ ಸಮ್ಮತಿ ಪತ್ರದ ಪ್ರಕಾರ ಶುದ್ಧೀಕರಿಸಿದ ನೀರಿನ ಬಿಒಡಿ, ಅಂದರೆ ಅದರಲ್ಲಿ ಉಳಿದಿರುವ ಹೊಲಸನ್ನು ಜೀರ್ಣಿಸಲು ಬೇಕಾಗುವ ಆಮ್ಲಜನಕದ ಅಳತೆ, ಲೀಟರಿಗೆ 10 ಮಿಲಿಗ್ರಾಂ ಮೀರಬಾರದು. ಸಂಸ್ಥೆಯವರು ತಾವೇ ಮಾದರಿ ತೆಗೆದು ಕಳುಹಿಸಿದ ತಿಂಗಳು 6 ಬಂತು. ಹೇಳದೆ ಕೇಳದೆ ನಾನು ಮುಂಜಾನೆ ಏಳಕ್ಕೆ, ಎಲ್ಲರೂ ಸ್ನಾನ ಮಾಡುವ ಹೊತ್ತಿನಲ್ಲಿ, ತೆಗೆದ ಮಾದರಿಗೆ 14 ಬಂತು. ಕಾರಣ ಮರಳಿನ ಫಿಲ್ಟರ್ ಹಿಮ್ಮುಖವಾಗಿ ತೊಳೆಯದೆ ಕಟ್ಟಿಕೊಂಡದ್ದು. ತೊಳೆದ ಮೇಲೆ, ಅದೇ ಹೊತ್ತಿನ ಮಾದರಿಯಲ್ಲಿ 9ಕ್ಕೆ ಇಳಿಯಿತು. ಮಾದರಿಯನ್ನು ಈಗ ಸಮಿತಿಯ ಸದಸ್ಯರೇ ತೆಗೆಯುತ್ತೇವೆ, ಇದಕ್ಕೆ ಅವರು ಮುನಿಸಿಕೊಳ್ಳಲಿಲ್ಲ ಎಂಬುದನ್ನೂ ಬರೆಯಬೇಕು.

ಸುರಕ್ಷತೆಯಲ್ಲಿ ಇವರಿಗೆ ಪೂರ್ಣ ಅಂಕ. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಎಸ್‌ಟಿಪಿ ತೊಟ್ಟಿಗಳಿಗೆ ಇಳಿದ ಕಾರ್ಮಿಕರು ವಿಷಾನಿಲಕ್ಕೆ ಉಸಿರುಗಟ್ಟಿ ಸತ್ತ ಘಟನೆಗಳು ಮತ್ತೆ ಮತ್ತೆ ವರದಿಯಾಗಿವೆ, ಹೀಗೆ ಅಪಾಯಕಾರಿ ಸ್ವಚ್ಛತೆಗೆ ಮನುಷ್ಯರನ್ನು ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಸಮತೋಲನ ತೊಟ್ಟಿಯ ತಳದ ಹೂಳು ತೆಗೆಯಬೇಕಾದಾಗ ನಮ್ಮ ಸಮಿತಿಯ ಹಿರಿಯರೊಬ್ಬರು "ಇಬ್ಬರನ್ನು ಇಳಿಸಿದರೆ ಒಂದು ಗಂಟೆಯ ಕೆಲಸ" ಎಂದರು. ಎಂಜಿನಿಯರ್ ಒಪ್ಪದೆ ಹೀರುವ ಯಂತ್ರದ ಲಾರಿಯನ್ನೇ ತರಿಸಿದರು. ಖರ್ಚು ನಮ್ಮದಾಯಿತು, ಅದು ನ್ಯಾಯವೇ.

ತಿಂಗಳಿಗೆ 58,000 ರೂಪಾಯಿ, ಇಬ್ಬರು ನಿರ್ವಾಹಕರ ಸಂಬಳ ಮತ್ತು ಕ್ಲೋರಿನ್ ಸೇರಿ. ಹಿಂದಿನವರಿಗೆ 41,000 ಕೊಡುತ್ತಿದ್ದೆವು. ದುಬಾರಿಯೆಂದು ವಾದಿಸಿದವರಿಗೆ ನಾನು ಟ್ಯಾಂಕರ್ ಬಿಲ್ಲು ತೋರಿಸಿದೆ. ಮೊದಲು ಶುದ್ಧೀಕರಿಸಿದ ನೀರು ನಾರುತ್ತಿದ್ದುದರಿಂದ ಶೌಚಾಲಯದ ಫ್ಲಶ್‌ಗೂ ಟ್ಯಾಂಕರ್ ನೀರನ್ನೇ ಬಿಡುತ್ತಿದ್ದೆವು. 2024ರ ಬೇಸಿಗೆಯಲ್ಲಿ ನಗರದ ಕೊಳವೆಬಾವಿಗಳು ಬತ್ತಿ, ಕಾರು ತೊಳೆಯಲು ಮತ್ತು ತೋಟಕ್ಕೆ ಕುಡಿಯುವ ನೀರು ಬಳಸುವುದನ್ನು ಜಲಮಂಡಳಿ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಪಡಿಸಿದಾಗ ನಾವು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಈಗ ಫ್ಲಶ್, ತೋಟ, ವಾಹನ ನಿಲುಗಡೆಯ ನೆಲ ತೊಳೆಯುವುದು ಎಲ್ಲಕ್ಕೂ ಇದೇ ನೀರು. ದಿನಕ್ಕೆ ಮೂರು ಟ್ಯಾಂಕರ್ ಕಡಿಮೆಯಾಗಿದೆ.

ಗುತ್ತಿಗೆಯನ್ನು ಇನ್ನೊಂದು ವರ್ಷಕ್ಕೆ ನವೀಕರಿಸಿದ್ದೇವೆ. ಹೊರಹೋಗುವ ಪ್ರತಿ ಸ್ಲಡ್ಜ್ ಚೀಲವನ್ನು ಗೇಟಿನಲ್ಲಿ ತೂಗಿ, ಎಲ್ಲಿಗೆ ಹೋಯಿತೆಂಬ ರಸೀದಿ ತರಬೇಕು. ಉಪಮೀಟರಿನ ಚಿತ್ರ ಪ್ರತಿರಾತ್ರಿ ಬರಬೇಕು. ಭಾನುವಾರದ ಪಾಳಿ ತಪ್ಪಿದರೆ ಆ ದಿನದ ಹಣ ಕಡಿತ. ಇವನ್ನು ಒಪ್ಪಂದದಲ್ಲೇ ಬರೆಸಿದೆವು, ಮರುಮಾತಿಲ್ಲದೆ ಸಹಿ ಹಾಕಿದರು. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದಂಕವನ್ನು ಕಳೆದದ್ದು ಪೂರ್ತಿಯಾಗಿ ಅವರ ತಪ್ಪಿಗಲ್ಲ: ಬಳಸಿ ಮಿಕ್ಕ ನೀರು ದಿನಕ್ಕೆ ಹದಿನೈದು ಸಾವಿರ ಲೀಟರಿನಷ್ಟು ಇದೆ, ತೆಗೆದುಕೊಳ್ಳುವವರಿಲ್ಲ. ಪಕ್ಕದಲ್ಲಿ ಕಟ್ಟಡ ಕಟ್ಟುತ್ತಿರುವವರನ್ನು ಕೇಳಿದ್ದೇವೆ. ಅವರ ಮೇಸ್ತ್ರಿ ಬಂದು ಒಂದು ಬಕೆಟ್ ನೀರು ಮೂಸಿ ನೋಡಿ, ತಮ್ಮ ಎಂಜಿನಿಯರನ್ನು ಕೇಳಿ ಹೇಳುತ್ತೇನೆಂದು ಹೋಗಿದ್ದಾರೆ.