ಕೂಲಂಟ್ ಇಳಿಯುತ್ತಿದೆಯೇ? ಒತ್ತಡ ಪರೀಕ್ಷೆಯೋ, ನೀಲಿ ದ್ರವದ ಪರೀಕ್ಷೆಯೋ

ಮೇ ತಿಂಗಳ ಬಿಸಿಲಲ್ಲಿ ಕಲಬುರಗಿಯಿಂದ ಹುಮನಾಬಾದಿಗೆ ಹೊರಟಿದ್ದಾಗ ನನ್ನ ಕಾರಿನ ಉಷ್ಣತೆಯ ಮುಳ್ಳು ಕೆಂಪು ಗೆರೆ ಮುಟ್ಟಿತು. ‘ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು’ ಎಂದರು ಮೆಕ್ಯಾನಿಕ್. ಹೆಡ್ ಗ್ಯಾಸ್ಕೆಟ್ ಎಂದರೆ ಎಂಜಿನ್ನಿನ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು. ದಯವಿಟ್ಟು ಅಷ್ಟು ಬೇಗ ಒಪ್ಪಬೇಡಿ. ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಎಲ್ಲಿ ಹೋಗುತ್ತಿದೆ ಎಂದು ತಿಳಿಯಲು ಬಿಚ್ಚುವ ಮೊದಲು ಮಾಡಬಹುದಾದ ಎರಡು ಪರೀಕ್ಷೆಗಳಿವೆ.

ಒತ್ತಡ ಪರೀಕ್ಷೆಯನ್ನು ಎಂಜಿನ್ ತಣ್ಣಗಿರುವಾಗಲೇ ಮಾಡಬೇಕು. ರೇಡಿಯೇಟರ್ ಮುಚ್ಚಳದ ಜಾಗದಲ್ಲಿ ಕೈಪಂಪು ಕೂರಿಸಿ, ಮುಚ್ಚಳದ ಮೇಲೆ ನಮೂದಿಸಿದಷ್ಟೇ ಒತ್ತಡ ತುಂಬಿ, ಸುಮಾರು 15 ನಿಮಿಷ ಕಾಯುತ್ತಾರೆ. ಸಾಮಾನ್ಯವಾಗಿ ಆ ಒತ್ತಡ 1 ಬಾರ್ ಆಸುಪಾಸು. ನನ್ನ ಕಾರಿನಲ್ಲಿ ಪಂಪಿನ ಮುಳ್ಳು ಮೆಲ್ಲನೆ ಇಳಿಯಿತು, ಅಂದರೆ ಎಲ್ಲೋ ಸೋರುತ್ತಿದೆ. ವಾಟರ್ ಪಂಪಿನ ಅಡಿಯ ಸಣ್ಣ ರಂಧ್ರದಲ್ಲಿ ಹಸಿರು ಹನಿಯೊಂದು ಮೂಡಿ, ತೂಗಾಡಿ, ಬಿದ್ದಿತು. ಕಾರು ಓಡುವಾಗ ಆ ಹನಿ ಬಿಸಿಗೆ ಆರಿಹೋಗುತ್ತಿದ್ದುದರಿಂದ ನೆಲದಲ್ಲಿ ಕಲೆಯೇ ಇರಲಿಲ್ಲ. ಹೊರಗೆ ಹನಿ ಕಾಣದಿದ್ದರೆ ಒಳಗಿನ ಮ್ಯಾಟ್ ಮುಟ್ಟಿ ನೋಡಿ. ಒದ್ದೆಯಾಗಿದ್ದು ಸಿಹಿ ವಾಸನೆ ಬಂದರೆ ಹೀಟರ್ ಕೋರ್ (ಕಾರಿನ ಒಳಗೆ ಬಿಸಿ ಗಾಳಿ ಕೊಡುವ ಪುಟ್ಟ ರೇಡಿಯೇಟರ್) ಸೋರುತ್ತಿರಬಹುದು.

ನೀಲಿ ದ್ರವದ ಪರೀಕ್ಷೆ ಕೇಳುವುದು ಬೇರೊಂದೇ ಪ್ರಶ್ನೆ: ಸಿಲಿಂಡರಿನ ಹೊಗೆ ಕೂಲಂಟಿಗೆ ನುಗ್ಗುತ್ತಿದೆಯೇ? ಎಂಜಿನ್ ಓಡುವಾಗ ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದೊಳಗೆ ಹಾಯಿಸುತ್ತಾರೆ. ಪೆಟ್ರೋಲ್ ಎಂಜಿನ್ನಿನಲ್ಲಿ ದ್ರವ ಹಳದಿಯಾದರೆ ಗ್ಯಾಸ್ಕೆಟ್ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಸಣ್ಣ ಬಿರುಕು ಕೆಲವೊಮ್ಮೆ ಇದಕ್ಕೆ ಸಿಗುವುದಿಲ್ಲ.

ನನ್ನ ಆಯ್ಕೆ ಮೊದಲು ಒತ್ತಡ ಪರೀಕ್ಷೆ. ಆದರೆ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬಿಡದೆ ಬರುತ್ತಿದ್ದರೆ, ಅಥವಾ ಸ್ಟಾರ್ಟ್ ಮಾಡಿದೊಡನೆ ಕೂಲಂಟಿನಲ್ಲಿ ಗುಳ್ಳೆ ಏಳುತ್ತಿದ್ದರೆ ನೀಲಿ ದ್ರವವನ್ನೇ ಮೊದಲು ಕೇಳಿ.