ಪಾರಿ/ಜಿಪಿ: ಅಪೆರಿಯ ಸಾಧನೆ ಓದುವವರ ಕೈಗೆ ಒಳ್ಳೆಯ ಉಪಕರಣ

ಝೀಟಾ(3), ಅಂದರೆ 1 + 1/2³ + 1/3³ + … ಎಂಬ ಅನಂತ ಮೊತ್ತ, ಅಭಾಗಲಬ್ಧ ಎಂದು 1978ರಲ್ಲಿ ಫ್ರೆಂಚ್ ಗಣಿತಜ್ಞ ರೋಜೆ ಅಪೆರಿ ತೋರಿಸಿದ ಸಾಧನೆಯನ್ನು (ಪ್ರೂಫ್) ಓದುತ್ತಿರುವ ಬೆಂಗಳೂರಿನ ಎಂಎಸ್ಸಿ ವಿದ್ಯಾರ್ಥಿಗಳಿಗೆ, ಐಐಎಸ್‌ಸಿಯ ಅಥವಾ ಮೈಸೂರು ರಸ್ತೆಯ ಐಎಸ್‌ಐನ ಸೆಮಿನಾರುಗಳಿಗೆ ಹೋಗುವವರಿಗೆ ನಾವು ಮೊದಲು ಸೂಚಿಸುವ ತಂತ್ರಾಂಶ ಪಾರಿ/ಜಿಪಿ. ಫ್ರಾನ್ಸಿನ ಬೋರ್ಡೋದಲ್ಲಿ ಬೆಳೆದದ್ದು, ಪೂರ್ತಿ ಉಚಿತ. ಆಂಡ್ರಾಯ್ಡ್ ಫೋನಿನಲ್ಲೂ ಓಡುವುದರಿಂದ ಮೆಟ್ರೋದಲ್ಲಿ ಕೂತೇ ಲೆಕ್ಕ ಹಾಕಬಹುದು.

ಬೇಕಾದದ್ದು ಒಂದೇ ಸೂತ್ರ: (ಎನ್+1)³·ಯು(ಎನ್+1) = (34ಎನ್³+51ಎನ್²+27ಎನ್+5)·ಯು(ಎನ್) − ಎನ್³·ಯು(ಎನ್−1). 1, 5ರಿಂದ ಹೊರಟರೆ ಬಿ ಅನುಕ್ರಮ: 73, 1445, ಎಲ್ಲವೂ ಪೂರ್ಣಾಂಕ. 0, 6ರಿಂದ ಹೊರಟರೆ ಎ ಅನುಕ್ರಮ: 351/4, 62531/36. ಎ(ಎನ್)/ಬಿ(ಎನ್) ಝೀಟಾ(3)ರತ್ತ ಸಾಗುತ್ತದೆ. ಭಿನ್ನರಾಶಿಗಳನ್ನು ದಶಮಾಂಶಕ್ಕೆ ತಿರುಗಿಸದೆ ಹಾಗೇ ಉಳಿಸಿಕೊಳ್ಳುವುದೇ ಪಾರಿ/ಜಿಪಿಯ ದೊಡ್ಡ ಗುಣ. 6ರ ಬದಲು 6.0 ಎಂದು ಬರೆದಿರೋ, ಛೇದಗಳೆಲ್ಲ ಕಳೆದುಹೋಗುತ್ತವೆ. ಪಟ್ಟಿಯ ಎಣಿಕೆ 1ರಿಂದ ಶುರು, ಆದ್ದರಿಂದ ಬಿ(0) ಮೊದಲನೇ ಮನೆಯಲ್ಲಿರುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ.

ಇನ್ನು ನಿಖರತೆ. ಬಿ(ಎನ್) ಹಂತಹಂತಕ್ಕೆ ಸುಮಾರು 33.97 ಪಟ್ಟು ಬೆಳೆದರೆ, ಬಿ(ಎನ್)·ಝೀಟಾ(3) − ಎ(ಎನ್) ಅಷ್ಟೇ ಪಟ್ಟು ಕುಗ್ಗುತ್ತದೆ. ಎನ್=50 ಆದಾಗ ಕಳೆಯುವ ಎರಡು ಸಂಖ್ಯೆಗಳ ಮೊದಲ 150ರಷ್ಟು ಅಂಕಿಗಳು ಒಂದೇ. ಸಾಮಾನ್ಯವಾಗಿ ಇರುವ 38 ಅಂಕಿಗಳಲ್ಲೇ ಬಿಟ್ಟರೆ ಉತ್ತರ ಬರೀ ಕಸ. 200ಕ್ಕೆ ಏರಿಸಿ.

ಆಮೇಲೆ ಆ ವ್ಯತ್ಯಾಸವನ್ನು 1ರಿಂದ ಎನ್‌ವರೆಗಿನ ಲ.ಸಾ.ಅ.ದ ಘನದಿಂದ, ಮತ್ತೆ 2ರಿಂದ ಗುಣಿಸಿ; ಇದರಿಂದ ಎ(ಎನ್)ನ ಛೇದ ಹೋಗುತ್ತದೆ. ಸಾಧನೆಯ ಜೀವ ಇರುವುದು ಇಲ್ಲಿ. ಆ ಘನ ಸರಾಸರಿ 20.09 ಪಟ್ಟು ಬೆಳೆಯುತ್ತದೆ, ವ್ಯತ್ಯಾಸ 33.97 ಪಟ್ಟು ಕುಗ್ಗುತ್ತದೆ, ಹಾಗಾಗಿ ಗುಣಲಬ್ಧ ಸೊನ್ನೆಯತ್ತ ಇಳಿಯುತ್ತದೆ. ಝೀಟಾ(3) ಭಾಗಲಬ್ಧವಾಗಿದ್ದರೆ ಈ ಗುಣಲಬ್ಧ ಒಂದು ಮಿತಿಗಿಂತ ಕೆಳಗೆ ಇಳಿಯುವಂತೆಯೇ ಇರಲಿಲ್ಲ. ನಡುವೆ 47ರಂಥ ಅವಿಭಾಜ್ಯ ಬಂದಾಗ ಲ.ಸಾ.ಅ. ಒಮ್ಮೆಲೇ 47 ಪಟ್ಟಾಗಿ ಗುಣಲಬ್ಧ ಮೇಲಕ್ಕೆ ಹಾರುತ್ತದೆ. ಪ್ರೋಗ್ರಾಮ್ ಕೆಟ್ಟಿತೆಂದು ಗಾಬರಿ ಬೇಡ, ಮುಂದೆ ಓಡಿಸಿ.

ಪಾರಿ/ಜಿಪಿ ಮಾಡಲಾರದ ಕೆಲಸವೂ ಇದೆ. ಎ(ಎನ್)ನ ಛೇದ ಎಲ್ಲ ಎನ್‌ಗೂ ಆ ಘನದ ಎರಡರಷ್ಟನ್ನು ಶೇಷವಿಲ್ಲದೆ ಭಾಗಿಸುತ್ತದೆ ಎಂಬುದನ್ನು ಕಾಗದದ ಮೇಲೆಯೇ ಸಾಧಿಸಬೇಕು. ಝೀಟಾ(3)ರ ಸತತ ಭಿನ್ನರಾಶಿಯ ನೂರಾರು ಪದ ತೆಗೆದರೂ ಅಭಾಗಲಬ್ಧತೆ ಸಿದ್ಧವಾಗುವುದಿಲ್ಲ. ಝೀಟಾ(5)ರ ಲಕ್ಷ ಅಂಕಿಗಳನ್ನು ಇದು ಕೊಡಬಲ್ಲದು, ಆದರೆ ಆ ಸಂಖ್ಯೆ ಅಭಾಗಲಬ್ಧವೇ ಎಂಬುದು ಇಂದಿಗೂ ತೆರೆದ ಪ್ರಶ್ನೆ; ಝೀಟಾ(5), (7), (9), (11)ರಲ್ಲಿ ಒಂದಾದರೂ ಅಭಾಗಲಬ್ಧ ಎಂದು 2001ರಲ್ಲಿ ಗಣಿತಜ್ಞ ಜುಡಿಲಿನ್ ತೋರಿಸಿದ್ದಾರೆ.